ಕಡಿಮೆ ಬೆಲೆಯ ಡಿವಿಡಿ ಪ್ಲೇಯರ್: ಆರಿಸುವುದು ಹೇಗೆ?

ಮಕ್ಕಳೇ, ಬೆಳ್ಳಿಯಂತೆ ಹೊಳೆಯುವ, ನಡುವೆ ತೂತಿರುವ ತೆಳ್ಳನೆಯ ತಟ್ಟೆಯನ್ನು ನೀವೆಲ್ಲ ನೋಡಿದ್ದೀರಿ. ಕೆಲವರ ಮನೆಯಲ್ಲಿ ಅದು ಕಿಟಕಿಗೆ ತೂಗುತ್ತಿರಬಹುದು. ಹಕ್ಕಿಗಳು ಬೆದರಲಿ ಎಂದು ಹೊಲದಲ್ಲಿ ದಾರ ಕಟ್ಟಿ ನೇತುಹಾಕುವುದೂ ಉಂಟು. ಬಿಸಿಲಿಗೆ ಹಿಡಿದರೆ ಏಳು ಬಣ್ಣ ಚೆಲ್ಲುವ ಈ ತಟ್ಟೆಯಲ್ಲಿ ಹಾಡು, ನಾಟಕ, ಸಿನಿಮಾ ಎಲ್ಲವೂ ಅಡಗಿರುತ್ತವೆ. ಅದನ್ನು ಓದಿ ತೋರಿಸುವ ಪೆಟ್ಟಿಗೆಯೇ ಡಿವಿಡಿ ಪ್ಲೇಯರ್.

ಕಳೆದ ವರ್ಷ ನಮ್ಮ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿ ಮಕ್ಕಳಿಂದ ನನಗೆ ಒಂದು ಕಾಗದ ಬಂತು. ಅದರಲ್ಲಿ ಹೀಗಿತ್ತು: 'ಸಾರ್, ನಿವೃತ್ತರಾದ ನಮ್ಮ ಹಳೆಯ ಮೇಷ್ಟರು ಶಾಲೆಗೆ ಒಂದು ಪೆಟ್ಟಿಗೆ ತುಂಬ ಡಿಸ್ಕ್ ಕೊಟ್ಟಿದ್ದಾರೆ. ನಮ್ಮ ಓದುವ ಕೋಣೆಯಲ್ಲಿ ಹಳೆಯ ಟಿವಿ ಇದೆ, ಪ್ಲೇಯರ್ ಇಲ್ಲ. ಎಲ್ಲರೂ ಸೇರಿ 1,500 ರೂಪಾಯಿ ಕೂಡಿಸಿದ್ದೇವೆ. ಯಾವುದನ್ನು ಕೊಳ್ಳಬೇಕು?'

ಕೊನೆಯಲ್ಲಿ ಬೇರೆ ಕೈಬರಹದಲ್ಲಿ ಇನ್ನೆರಡು ಸಾಲು ಇದ್ದವು: '2007ರ ವಾರ್ಷಿಕೋತ್ಸವದ ಡಿಸ್ಕ್ ಕೂಡ ಇದರಲ್ಲಿದೆ. ಅದರಲ್ಲಿ ನಮ್ಮ ಅಜ್ಜಿ ಸೋಬಾನೆ ಹಾಡಿದ್ದಾರಂತೆ. ಅಜ್ಜಿ ಈಗಿಲ್ಲ. ನಾನು ಅವರ ದನಿ ಕೇಳಿಲ್ಲ.'

'ಇಂಥದ್ದನ್ನು ಕೊಳ್ಳಿ' ಎಂದು ಒಂದು ಹೆಸರು ಬರೆದು ಕಳಿಸುವುದು ಸುಲಭವಾಗಿತ್ತು. ಆದರೆ ಒಂದು ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅದನ್ನು ಆರಿಸುವುದು ತಾನಾಗಿಯೇ ಬರುತ್ತದೆ. ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ನಾನೇ ಆ ಶಾಲೆಗೆ ಹೋದೆ. ಅಂದು ನಾವು ಮಾತಾಡಿಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ತಟ್ಟೆಯ ಒಳಗೆ ಏನಿದೆ?

ಡಿಸ್ಕಿನ ವ್ಯಾಸ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಬಹುಪಾಲು ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್. ಅದರೊಳಗೆ ಅಲ್ಯೂಮಿನಿಯಂನಂಥ ಲೋಹದ ಬಹಳ ತೆಳುವಾದ ಪದರ ಇರುತ್ತದೆ. ಹೊಳೆಯುವುದು ಅದೇ.

ಈ ಪದರದಲ್ಲಿ ಒಂದೇ ಒಂದು ಗೆರೆ ಇದೆ. ಚಕ್ಕುಲಿಯನ್ನು ನೆನಪಿಸಿಕೊಳ್ಳಿ. ನಡುವಿನಿಂದ ಸುತ್ತುತ್ತ ಸುತ್ತುತ್ತ ಹೊರಕ್ಕೆ ಬರುತ್ತದಲ್ಲವೆ? ಡಿಸ್ಕಿನ ಗೆರೆಯೂ ಹಾಗೆಯೇ. ಒಳಗಿನಿಂದ ಆರಂಭವಾಗಿ ಅಂಚಿನ ಬಳಿ ಮುಗಿಯುತ್ತದೆ. ಗೆರೆಯುದ್ದಕ್ಕೂ ಸಣ್ಣ ಸಣ್ಣ ತಗ್ಗುಗಳಿವೆ. ಕೆಲವು ಗಿಡ್ಡ, ಕೆಲವು ಉದ್ದ. ತಗ್ಗುಗಳ ನಡುವೆ ಸಮತಟ್ಟಾದ ಜಾಗ.

ಕಂಪ್ಯೂಟರಿಗೆ ತಿಳಿಯುವುದು ಎರಡೇ ಅಂಕಿ, 0 ಮತ್ತು 1. ತಗ್ಗಿನಿಂದ ಸಮತಟ್ಟಿಗೆ ಅಥವಾ ಸಮತಟ್ಟಿನಿಂದ ತಗ್ಗಿಗೆ ಬದಲಾಗುವ ಜಾಗವೇ 1. ಬದಲಾವಣೆ ಇಲ್ಲದ ಜಾಗ 0. ಅಜ್ಜಿಯ ದನಿಯೂ ಹಿಂದೆ ಕಟ್ಟಿದ್ದ ಮಾವಿನ ತೋರಣದ ಹಸಿರೂ ಡಿಸ್ಕಿನಲ್ಲಿ ಕೊನೆಗೆ 0 ಮತ್ತು 1ರ ಸಾಲುಗಳೇ.

ಈ ಗೆರೆ ಎಷ್ಟು ಸಣ್ಣದು? ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಮೀಟರ್. ಸಿಡಿಯಲ್ಲಿ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಇರುವ ದೂರ 1.6 ಮೈಕ್ರೋಮೀಟರ್. ಡಿವಿಡಿಯಲ್ಲಿ ಕೇವಲ 0.74. ನಿಮ್ಮ ತಲೆಗೂದಲು ಸುಮಾರು 74 ಮೈಕ್ರೋಮೀಟರ್ ದಪ್ಪ ಇದೆಯೆಂದುಕೊಂಡರೆ, ಒಂದು ಕೂದಲಿನ ಅಗಲದಲ್ಲಿ ಡಿವಿಡಿಯ ನೂರು ಸುತ್ತುಗಳು ಹಿಡಿಸುತ್ತವೆ!

ಲೆಕ್ಕ ಮಾಡೋಣ

ಚಕ್ಕುಲಿಯನ್ನು ಬಿಚ್ಚಿ ನೇರವಾಗಿ ಹಾಸಿದರೆ ಎಷ್ಟು ಉದ್ದ? ನಿಮಗೆ ಬರುವ ಗಣಿತವೇ ಸಾಕು. ಸಿಡಿಯಲ್ಲಿ ಬರಹ ಇರುವ ಭಾಗ ಒಂದು ಅಗಲವಾದ ಬಳೆಯಂತೆ. ಅದರ ಹೊರ ತ್ರಿಜ್ಯ 58 ಮಿ.ಮೀ., ಒಳ ತ್ರಿಜ್ಯ 25 ಮಿ.ಮೀ.

ದೊಡ್ಡ ವೃತ್ತದ ವಿಸ್ತೀರ್ಣದಲ್ಲಿ ಸಣ್ಣದನ್ನು ಕಳೆಯಿರಿ: 3.14 × (3,364 – 625) = ಸುಮಾರು 8,600 ಚದರ ಮಿ.ಮೀ.

ಗೆರೆಯನ್ನು ಉದ್ದನೆಯ ಪಟ್ಟಿ ಎಂದುಕೊಳ್ಳಿ. ಅದರ ಅಗಲ 1.6 ಮೈಕ್ರೋಮೀಟರ್, ಅಂದರೆ 0.0016 ಮಿ.ಮೀ. ವಿಸ್ತೀರ್ಣವನ್ನು ಅಗಲದಿಂದ ಭಾಗಿಸಿದರೆ ಉದ್ದ: 8,600 ÷ 0.0016 = 53,75,000 ಮಿ.ಮೀ. ಅಂದರೆ ಐದು ಕಿಲೋಮೀಟರಿಗೂ ಹೆಚ್ಚು!

ಸಿಡಿ ಓದುವಾಗ ಗೆರೆಯು ಸೆಕೆಂಡಿಗೆ ಸುಮಾರು 1.2 ಮೀಟರ್ ವೇಗದಲ್ಲಿ ಸಾಗುತ್ತದೆ. ಇದು ನೀವು ನಡೆಯುವ ವೇಗ. 5,375 ಮೀಟರನ್ನು 1.2ರಿಂದ ಭಾಗಿಸಿ, ಬಂದ ಸೆಕೆಂಡುಗಳನ್ನು ನಿಮಿಷ ಮಾಡಿ. ಸುಮಾರು 74 ನಿಮಿಷ ಬಂತೇ? ಹಾಡಿನ ಸಿಡಿಗಳ ಮೇಲೆ ಅಚ್ಚಾಗಿರುತ್ತಿದ್ದ ಸಂಖ್ಯೆಯೂ ಅದೇ.

ಬೆಳಕಿನ ಬೆರಳು

ಇಷ್ಟು ಸಣ್ಣ ತಗ್ಗುಗಳನ್ನು ಓದುವವರು ಯಾರು? ಸೂಜಿಯಿಂದ ಆಗದು. ಬೆಳಕಿನಿಂದ ಆಗುತ್ತದೆ. ಪ್ಲೇಯರಿನೊಳಗೆ ಸಾಸಿವೆ ಕಾಳಿನಂಥ ಒಂದು ಲೇಸರ್ ದೀಪ ಇದೆ. ಒಂದು ಮಸೂರವು ಅದರ ಬೆಳಕನ್ನು ಲೋಹದ ಪದರದ ಮೇಲೆ ಚುಕ್ಕೆಯಾಗಿ ಕೂಡಿಸುತ್ತದೆ. ಭೂತಗನ್ನಡಿಯಿಂದ ಬಿಸಿಲನ್ನು ಕಾಗದದ ಮೇಲೆ ಕೂಡಿಸಿದ್ದೀರಲ್ಲ, ಹಾಗೆ.

ಸಮತಟ್ಟಾದ ಜಾಗಕ್ಕೆ ಬಿದ್ದ ಬೆಳಕು ಚೆನ್ನಾಗಿ ಹಿಂದಿರುಗುತ್ತದೆ. ತಗ್ಗಿನ ಮೇಲೆ ಬಿದ್ದಾಗ, ತಗ್ಗಿನಿಂದ ಬಂದ ಬೆಳಕಿನ ಅಲೆಗೂ ಅದರ ಸುತ್ತಲಿಂದ ಬಂದ ಅಲೆಗೂ ತಾಳ ತಪ್ಪುತ್ತದೆ. ಜೋಕಾಲಿಯನ್ನು ಒಬ್ಬರು ಮುಂದಕ್ಕೂ ಇನ್ನೊಬ್ಬರು ಹಿಂದಕ್ಕೂ ಒಮ್ಮೆಲೇ ತಳ್ಳಿದರೆ ಏನಾಗುತ್ತದೆ? ಅದು ನಿಂತಲ್ಲೇ ನಿಲ್ಲುತ್ತದೆ. ಹಾಗೆಯೇ ಎರಡು ಅಲೆಗಳು ಒಂದನ್ನೊಂದು ಕುಗ್ಗಿಸಿ ಬೆಳಕು ಮಂದವಾಗುತ್ತದೆ. ಈ ಮಿನುಗನ್ನು ಬೆಳಕಿನ ಸಂವೇದಕ ಗ್ರಹಿಸಿ ವಿದ್ಯುತ್ತಾಗಿ ಬದಲಿಸುತ್ತದೆ.

ಬೆಳಕಿನ ಅಲೆಯುದ್ದ ಕಡಿಮೆಯಾದಷ್ಟೂ ಚುಕ್ಕೆಯನ್ನು ಸಣ್ಣದು ಮಾಡಬಹುದು. ಚುಕ್ಕೆ ಸಣ್ಣದಾದಷ್ಟೂ ಸಣ್ಣ ತಗ್ಗುಗಳನ್ನು ಓದಬಹುದು. ಡಿಸ್ಕುಗಳ ಕಥೆಯೆಲ್ಲ ಇಷ್ಟರಲ್ಲೇ ಇದೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಗೆ ಕಣ್ಣಿಗೆ ಕಾಣದ ಅವಕೆಂಪು ಲೇಸರ್. ಅದರ ಅಲೆಯುದ್ದ 780 ನ್ಯಾನೋಮೀಟರ್. ನ್ಯಾನೋಮೀಟರ್ ಎಂದರೆ ಮೈಕ್ರೋಮೀಟರಿನ ಸಾವಿರದಲ್ಲೊಂದು ಪಾಲು. 1996ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟವಾದ ಡಿವಿಡಿ ಪ್ಲೇಯರಿಗೆ 650 ನ್ಯಾನೋಮೀಟರಿನ ಕೆಂಪು ಲೇಸರ್. 2006ರಲ್ಲಿ ಬಂದ ಬ್ಲೂ-ರೇ ಡಿಸ್ಕಿಗೆ 405 ನ್ಯಾನೋಮೀಟರಿನ ನೀಲನೇರಳೆ ಲೇಸರ್. ಸಿಡಿಯಲ್ಲಿ ಸುಮಾರು 0.7 ಗಿಗಾಬೈಟ್ ಮಾಹಿತಿ ಹಿಡಿಸಿದರೆ ಒಂದು ಪದರದ ಡಿವಿಡಿಯಲ್ಲಿ 4.7, ಬ್ಲೂ-ರೇಯಲ್ಲಿ 25 ಗಿಗಾಬೈಟ್ ಹಿಡಿಸುತ್ತದೆ. ಮೂರರ ಅಳತೆಯೂ ಒಂದೇ, 12 ಸೆಂಟಿಮೀಟರ್!

ಇಲ್ಲಿಂದಲೇ ಕೊಳ್ಳುವವರಿಗೆ ಮೊದಲ ಪಾಠ ಸಿಗುತ್ತದೆ. ಡಿವಿಡಿ ಪ್ಲೇಯರಿನಲ್ಲಿ ಸಾಮಾನ್ಯವಾಗಿ ಕೆಂಪು, ಅವಕೆಂಪು ಎರಡೂ ಲೇಸರ್ ಇರುವುದರಿಂದ ಅದು ಸಿಡಿಯನ್ನೂ ಓದುತ್ತದೆ. ಬರೀ ಸಿಡಿ ಪ್ಲೇಯರ್ ಡಿವಿಡಿಯನ್ನು ಓದಲಾರದು. ಡಿವಿಡಿ ಪ್ಲೇಯರ್ ಬ್ಲೂ-ರೇ ಡಿಸ್ಕನ್ನು ಓದಲಾರದು.

ತೇಲುವ ಮಸೂರ

ಡಿಸ್ಕ್ ತಿರುಗುವಾಗ ಅಲ್ಪಸ್ವಲ್ಪ ತೊನೆಯುತ್ತದೆ. ಬೆಳಕಿನ ಚುಕ್ಕೆ ಮಾತ್ರ ಗೆರೆಯಿಂದ ಒಂದು ಮೈಕ್ರೋಮೀಟರಿನಷ್ಟೂ ತಪ್ಪುವಂತಿಲ್ಲ. ಇದು ಹೇಗೆ ಸಾಧ್ಯ?

ಮಸೂರವನ್ನು ಸಣ್ಣ ತಂತಿಗಳಿಂದ ತೂಗುಹಾಕಿ, ಪಕ್ಕದಲ್ಲಿ ತಂತಿಯ ಸುರುಳಿ ಮತ್ತು ಅಯಸ್ಕಾಂತಗಳನ್ನು ಇಟ್ಟಿರುತ್ತಾರೆ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ವಿದ್ಯುತ್ಕಾಂತವಾಗುತ್ತದೆ ಎಂದು ನೀವು ಓದಿದ್ದೀರಿ. ಡಿಸ್ಕ್ ಮೇಲೆದ್ದರೆ ಮಸೂರವೂ ಮೇಲೇಳುತ್ತದೆ. ಡಿಸ್ಕ್ ಪಕ್ಕಕ್ಕೆ ಸರಿದರೆ ಮಸೂರವೂ ಸರಿಯುತ್ತದೆ. ಸೆಕೆಂಡಿಗೆ ಎಷ್ಟೋ ಸಲ ಈ ತಿದ್ದುಪಡಿ ನಡೆಯುತ್ತಲೇ ಇರುತ್ತದೆ. ತುಂಬಿದ ಕೊಡ ಹೊತ್ತು ನಡೆಯುವವರ ಕತ್ತು ಹೆಜ್ಜೆ ಹೆಜ್ಜೆಗೂ ತಿದ್ದಿಕೊಳ್ಳುವುದಿಲ್ಲವೆ? ಅದೇ ರೀತಿ.

ಡಿಸ್ಕಿನ ಹೊರ ಅಂಚಿನಲ್ಲಿ ತೊನೆದಾಟ ಹೆಚ್ಚು. ಆದ್ದರಿಂದ ಸವೆದ ಪ್ಲೇಯರುಗಳು ಸಿನಿಮಾದ ಆರಂಭವನ್ನು ಚೆನ್ನಾಗಿ ತೋರಿಸಿ, ಕೊನೆಗೆ ಬರುವ ಹೊತ್ತಿಗೆ ತಡವರಿಸುವುದುಂಟು. ಇದನ್ನು ನೆನಪಿಡಿ, ಅಂಗಡಿಯಲ್ಲಿ ಬೇಕಾಗುತ್ತದೆ.

ಗೀರು ಬಿದ್ದರೂ ಓದುವುದು ಹೇಗೆ?

ನಾವು ಪೆಟ್ಟಿಗೆ ಬಿಚ್ಚಿ ನೋಡಿದಾಗ ಗೀರಿಲ್ಲದ ಡಿಸ್ಕ್ ಒಂದೂ ಇರಲಿಲ್ಲ. ಮಕ್ಕಳ ಮುಖ ಬಾಡಿತು. ಆಗ ಒಂದು ಆಟ ಆಡಿದೆವು. ನೀವೂ ಆಡಿ.

ನಾಲ್ಕು ಪದ ಬರೆಯಿರಿ: ಕಮಲ, ನವಿಲು, ಮರಳು, ಹವಳ. ಒಂದರ ಕೆಳಗೊಂದು ಬರೆದು, ಮೊದಲ ಅಕ್ಷರಗಳನ್ನೆಲ್ಲ ಒಟ್ಟಿಗೆ, ಆಮೇಲೆ ಎರಡನೆಯವು, ಆಮೇಲೆ ಮೂರನೆಯವು ಹೀಗೆ ಓದಿ. 'ಕ ನ ಮ ಹ, ಮ ವಿ ರ ವ, ಲ ಲು ಳು ಳ' ಎಂದಾಗುತ್ತದೆ. ಈಗ ಗೀರು ಬಿದ್ದು 'ನ ಮ ಹ' ಮೂರೂ ಅಳಿಸಿತು ಎನ್ನಿ. ಪದಗಳನ್ನು ಮತ್ತೆ ಜೋಡಿಸಿದರೆ ಏನು ಉಳಿಯುತ್ತದೆ? ಕಮಲ ಪೂರ್ತಿ ಇದೆ. ಉಳಿದ ಮೂರು ಪದಗಳಲ್ಲಿ ಒಂದೊಂದೇ ಅಕ್ಷರ ಹೋಗಿದೆ. ಪದಗಳನ್ನು ನೇರವಾಗಿ ಬರೆದಿದ್ದರೆ ಅದೇ ಗೀರು 'ನವಿಲು' ಪದವನ್ನೇ ನುಂಗಿಬಿಡುತ್ತಿತ್ತು.

'ಆದರೆ ಸಾರ್, ಖಾಲಿ ಜಾಗದ ಮುಂದೆ ರಳು ಎಂದಿದ್ದರೆ ಅದು ಮರಳೋ, ನೆರಳೋ, ಬೆರಳೋ?' ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ! ಊಹೆ ಸಾಲದು. ಅದಕ್ಕೇ ಡಿಸ್ಕಿನಲ್ಲಿ ಮಾಹಿತಿಯ ಜೊತೆಗೆ ತಾಳೆ ಸಂಖ್ಯೆಗಳನ್ನೂ ಬರೆದಿರುತ್ತಾರೆ. 4, 7, 2, 5 ಬರೆದು ಪಕ್ಕದಲ್ಲಿ ಮೊತ್ತ 18 ಎಂದು ಬರೆಯಿರಿ. ಯಾವುದಾದರೂ ಒಂದು ಸಂಖ್ಯೆ ಅಳಿಸಿ ಹೋದರೂ ಮೊತ್ತದಿಂದ ಅದನ್ನು ಕಂಡುಹಿಡಿಯಬಹುದಲ್ಲ?

ಡಿಸ್ಕಿನ ತಾಳೆ ಸಂಖ್ಯೆಗಳು ಇದಕ್ಕಿಂತ ಬಹಳ ಜಾಣತನದವು. ಇವುಗಳ ಗಣಿತವನ್ನು ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದರು. ಇದರ ಬಲದಿಂದ ಸಿಡಿಯ ಗೆರೆಯುದ್ದಕ್ಕೂ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಮಾಹಿತಿ ಪೂರ್ತಿ ಅಳಿಸಿದರೂ ಮರಳಿ ಪಡೆಯಬಹುದು. ಅಂಗಡಿಯಲ್ಲಿ ಹಣ ಕೊಡಲು ಮೊಬೈಲ್ ಹಿಡಿಯುವ ಚೌಕಾಕಾರದ ಕ್ಯೂಆರ್ ಕೋಡ್ ಮೂಲೆ ಸ್ವಲ್ಪ ಕೊಳೆಯಾದರೂ ಕೆಲಸ ಮಾಡುವುದನ್ನು ಕಂಡಿದ್ದೀರಾ? ಅದರಲ್ಲಿಯೂ ಇದೇ ಗಣಿತ!

ಒರೆಸುವುದರಲ್ಲೂ ವಿಜ್ಞಾನ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವಿಜ್ಞಾನ ಡಿಸ್ಕನ್ನು ಕರವಸ್ತ್ರದಿಂದ ಗರಗರನೆ ವೃತ್ತಾಕಾರವಾಗಿ ತಿಕ್ಕಿದ್ದೆ. ಬಟ್ಟೆಯಲ್ಲಿದ್ದ ಮಣ್ಣಿನ ಕಣದಿಂದ ಬಳೆಯಂಥ ಗೀರು ಬಿತ್ತು. ಆ ಡಿಸ್ಕ್ ಮತ್ತೆ ಓದಲಿಲ್ಲ.

ಏಕೆ? ಗೆರೆಯೂ ವೃತ್ತಾಕಾರವಾಗಿಯೇ ಸಾಗುತ್ತದೆ. ಗೀರು ಅದೇ ದಿಕ್ಕಿನಲ್ಲಿದ್ದರೆ ಒಂದೇ ಕಡೆ ಉದ್ದಕ್ಕೂ ಮಾಹಿತಿ ಹಾಳಾಗುತ್ತದೆ. ತಾಳೆ ಸಂಖ್ಯೆಗಳೂ ಅದರೊಂದಿಗೆ ಹೋಗುತ್ತವೆ. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದರೆ, ಗೀರು ಬಿದ್ದರೂ ಪ್ರತಿ ಸುತ್ತಿನಲ್ಲಿ ಚೂರೇ ಚೂರು ಹಾಳಾಗುತ್ತದೆ. ಅಷ್ಟನ್ನು ಪ್ಲೇಯರ್ ಸರಿಪಡಿಸಿಕೊಳ್ಳುತ್ತದೆ. ಆದ್ದರಿಂದ ಮೆತ್ತನೆಯ, ಶುಭ್ರವಾದ ಹತ್ತಿ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ, ಸೂರ್ಯನ ಕಿರಣಗಳ ಹಾಗೆ ಒರೆಸಬೇಕು.

ಸಣ್ಣ ಧೂಳು ಅಷ್ಟು ಕಾಡುವುದಿಲ್ಲ. ಲೇಸರ್ ಬೆಳಕು ಡಿಸ್ಕಿನ ಮೇಲ್ಮೈಯಲ್ಲಿ ಅಗಲವಾಗಿದ್ದು, ಒಳಗಿನ ಪದರದಲ್ಲಿ ಮಾತ್ರ ಚುಕ್ಕೆಯಾಗುತ್ತದೆ. ಕಿಟಕಿಯ ಸೊಳ್ಳೆಪರದೆಯ ಮೂಲಕ ದೂರದ ಮರ ನೋಡುವಾಗ ಪರದೆಯ ಎಳೆ ನಮಗೆ ಅಡ್ಡ ಬರುವುದಿಲ್ಲವಲ್ಲ!

ಇನ್ನೊಂದು ವಿಷಯ. ಸಿಡಿಯಲ್ಲಿ ಲೋಹದ ಪದರ ಹೆಸರು ಬರೆಯುವ ಬದಿಗೆ ಅಂಟಿಕೊಂಡಂತೆ ಇರುತ್ತದೆ. ಅದರ ಮೇಲೆ ತೆಳ್ಳಗಿನ ಬಣ್ಣವಷ್ಟೇ. ಹೊಳೆಯುವ ಬದಿಯನ್ನು ಕಾಪಾಡಿ, ಈ ಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಡಿಸ್ಕ್ ಕೆಟ್ಟಂತೆಯೇ. ಡಿವಿಡಿಯಲ್ಲಿ ಪದರವು ಎರಡು ತೆಳು ತಟ್ಟೆಗಳ ನಡುವೆ ಇರುವುದರಿಂದ ಸ್ವಲ್ಪ ಹೆಚ್ಚು ರಕ್ಷಣೆ ಇದೆ.

ಮನೆಯಲ್ಲಿ ಬರೆದ ಡಿಸ್ಕ್

ಪೆಟ್ಟಿಗೆಯಲ್ಲಿದ್ದ ವಾರ್ಷಿಕೋತ್ಸವದ ಡಿಸ್ಕಿನ ಕೆಳಬದಿ ಬೆಳ್ಳಿಯ ಬಣ್ಣಕ್ಕಿರಲಿಲ್ಲ. ತಿಳಿ ನೇರಳೆಯಾಗಿತ್ತು. ಅದು ಕಾರ್ಖಾನೆಯಲ್ಲಿ ಅಚ್ಚು ಒತ್ತಿದ ಡಿಸ್ಕ್ ಆಗಿರಲಿಲ್ಲ. ಕಂಪ್ಯೂಟರಿನಲ್ಲಿ ಬರೆದದ್ದು.

ಇಂಥ ಡಿಸ್ಕಿನಲ್ಲಿ ತಗ್ಗುಗಳು ಇರುವುದಿಲ್ಲ. ಲೋಹದ ಪದರದ ಮುಂದೆ ಒಂದು ಬಣ್ಣದ ಪದರ ಇರುತ್ತದೆ. ಬರೆಯುವಾಗ ಬಲವಾದ ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಕೆಡಿಸಿ ಗುರುತು ಮಾಡುತ್ತದೆ. ಓದುವಾಗ ಆ ಗುರುತುಗಳು ತಗ್ಗಿನಂತೆಯೇ ಮಂದವಾಗಿ ಕಾಣುತ್ತವೆ. ಬಟ್ಟೆಯ ಬಣ್ಣ ಬಿಸಿಲಿಗೆ ಮಾಸುತ್ತದಲ್ಲವೆ? ಈ ಬಣ್ಣವೂ ಬಿಸಿಲು, ಸೆಕೆಗೆ ಮಾಸುತ್ತದೆ. ಆಗ ಗುರುತಿಗೂ ಉಳಿದ ಜಾಗಕ್ಕೂ ವ್ಯತ್ಯಾಸವೇ ತಿಳಿಯದಾಗುತ್ತದೆ. ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕುಗಳೂ ಇವೆ. ಅವು ಬಿದ್ದ ಬೆಳಕಿನಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆಯನ್ನು ಹಿಂದಿರುಗಿಸುತ್ತವೆ. ಲೇಸರ್ ಸೊರಗಿದ, ಮಸೂರಕ್ಕೆ ಧೂಳು ಹಿಡಿದ ಪ್ಲೇಯರುಗಳು ಸಿನಿಮಾ ಡಿಸ್ಕನ್ನು ಓದಿದರೂ ಇಂಥವುಗಳ ಮುಂದೆ ಸೋಲುತ್ತವೆ.

'ಹಾಗಾದರೆ ಅಜ್ಜಿಯ ಹಾಡು ಅಳಿಸಿಹೋಗುತ್ತಾ ಸಾರ್?' ಎಂದು ಆ ಹುಡುಗಿ ಕೇಳಿದಳು. ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. 'ಒಂದಲ್ಲ ಒಂದು ದಿನ ಅಳಿಸುತ್ತದೆ. ಅದಕ್ಕೆ ಮೊದಲು ನಕಲು ಮಾಡಿಕೊಳ್ಳಬೇಕು' ಎಂದೆ.

ಅಂಗಡಿಗೆ ಹೋಗುವ ಮೊದಲು

ಇಷ್ಟು ತಿಳಿದ ಮೇಲೆ ಮಕ್ಕಳು ಕಪ್ಪು ಹಲಗೆಯ ಮೇಲೆ ತಾವೇ ಒಂದು ಪಟ್ಟಿ ಮಾಡಿದರು.

1. ನಮ್ಮಲ್ಲಿ ಯಾವ ಡಿಸ್ಕುಗಳಿವೆ? ಎಣಿಸಿದಾಗ ಅಚ್ಚಿನ ಡಿವಿಡಿ 9, ಸಿನಿಮಾ ವಿಸಿಡಿ 6, ಹಾಡಿನ ಸಿಡಿ 4, ಬರೆದ ಡಿವಿಡಿ 3. ಬ್ಲೂ-ರೇ ಒಂದೂ ಇಲ್ಲ. ಆದ್ದರಿಂದ ದುಬಾರಿಯಾದ ಬ್ಲೂ-ರೇ ಪ್ಲೇಯರ್ ಬೇಡ.

2. ನಮ್ಮ ಟಿವಿಯ ಹಿಂದೆ ಯಾವ ತೂತುಗಳಿವೆ? ಹಳದಿ, ಬಿಳಿ, ಕೆಂಪು ಎಂಬ ಮೂರು ದುಂಡು ತೂತುಗಳಿದ್ದವು. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ಚಪ್ಪಟೆಯಾದ ಎಚ್‌ಡಿಎಂಐ ತೂತು ಇರಲಿಲ್ಲ. ಕೆಲವು ಹೊಸ ಟಿವಿಗಳಲ್ಲಿ ಇದು ತಿರುಗುಮುರುಗು, ಎಚ್‌ಡಿಎಂಐ ಇದ್ದು ಹಳದಿ ಇರುವುದಿಲ್ಲ. ನೋಡದೆ ಕೊಂಡರೆ ಪ್ಲೇಯರ್ ಒಂದು ಕಡೆ, ಟಿವಿ ಒಂದು ಕಡೆ!

3. ಪ್ಲೇಯರಿನ ಹಿಂದಿನ ಚೀಟಿಯಲ್ಲಿ ಏನಿದೆ? '100–240 ವೋಲ್ಟ್' ಎಂದಿದ್ದರೆ ವಿದ್ಯುತ್ ಏರಿಳಿತವನ್ನು ಸ್ವಲ್ಪ ತಡೆದೀತು. ಎಷ್ಟು ವಾಟ್ ಎಂದೂ ನೋಡಿ. 12 ವಾಟಿನ ಪ್ಲೇಯರ್ ದಿನಕ್ಕೆ ಒಂದು ಗಂಟೆಯಂತೆ 25 ದಿನ ನಡೆದರೆ 12 × 25 = 300 ವಾಟ್-ಗಂಟೆ. ಅಂದರೆ 0.3 ಯೂನಿಟ್ ಮಾತ್ರ.

4. ವಲಯ ಸಂಖ್ಯೆ ಯಾವುದು? ಸಿನಿಮಾ ಡಿವಿಡಿಗಳಿಗೆ ಜಗತ್ತನ್ನು ವಲಯಗಳಾಗಿ ಹಂಚಿದ್ದಾರೆ. ಭಾರತ 5ನೆಯ ವಲಯ, ಅಮೆರಿಕ 1ನೆಯದು. ಬೇರೆ ವಲಯದ ಡಿಸ್ಕನ್ನು ಪ್ಲೇಯರ್ ನಿರಾಕರಿಸಬಹುದು. ಮನೆಯಲ್ಲಿ ಬರೆದ ಡಿಸ್ಕಿಗೆ ಸಾಮಾನ್ಯವಾಗಿ ಈ ಬೀಗ ಇರುವುದಿಲ್ಲ.

5. ಅನವಶ್ಯಕ ಆಡಂಬರ ಇದೆಯೆ? 'ಚಿತ್ರವನ್ನು ಫುಲ್ ಎಚ್‌ಡಿ ಮಾಡುತ್ತದೆ' ಎನ್ನುವ ಮಾತಿಗೆ ಹೆಚ್ಚು ಹಣ ಕೊಡಬೇಡಿ. ನಮ್ಮ ದೇಶದ ಡಿವಿಡಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು. ಡಿಸ್ಕಿನಲ್ಲಿ ಇಲ್ಲದ ವಿವರವನ್ನು ಯಾವ ಪ್ಲೇಯರೂ ಹೊಸದಾಗಿ ತರಲಾರದು. ಯುಎಸ್‌ಬಿ ತೂತು ಇದ್ದರೆ ಮಾತ್ರ ನಿಜಕ್ಕೂ ಉಪಯೋಗ. ಪೆನ್ ಡ್ರೈವಿನಲ್ಲಿರುವುದನ್ನೂ ನೋಡಬಹುದು.

ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಸಾರ್, ಒಳ್ಳೆಯ ಡಿಸ್ಕನ್ನು ಎಲ್ಲಾ ಪ್ಲೇಯರೂ ಓದುತ್ತದೆ. ನಾವು ಕೆಟ್ಟ ಡಿಸ್ಕನ್ನೇ ಅಂಗಡಿಗೆ ತಗೊಂಡು ಹೋಗೋಣ' ಎಂದಳು. ಇಡೀ ದಿನದಲ್ಲಿ ನಾನು ಕೇಳಿದ ಅತ್ಯುತ್ತಮ ಮಾತು ಅದು. ಪರೀಕ್ಷೆ ಕಠಿಣವಾಗಿದ್ದರೆ ತಾನೆ ಯಾರು ಎಷ್ಟು ಓದಿದ್ದಾರೆಂದು ತಿಳಿಯುವುದು! ಅಜ್ಜಿಯ ಹಾಡಿನ ಡಿಸ್ಕನ್ನು ಶಾಲೆಯಲ್ಲೇ ಬಿಟ್ಟೆವು. ಬರೆದ ಇನ್ನೆರಡು ಡಿಸ್ಕುಗಳಲ್ಲಿ ಹೆಚ್ಚು ಗೀರಾದದ್ದನ್ನು ಚೀಲಕ್ಕೆ ಹಾಕಿಕೊಂಡೆವು.

ಮೂರು ಪ್ಲೇಯರುಗಳ ಪರೀಕ್ಷೆ

ಈಗ ಸಿನಿಮಾಗಳು ಮೊಬೈಲಿಗೇ ಬರುವುದರಿಂದ ಡಿವಿಡಿ ಪ್ಲೇಯರ್ ಇಟ್ಟುಕೊಂಡಿರುವ ಅಂಗಡಿಗಳು ಕಡಿಮೆ. ತಾಲ್ಲೂಕು ಪೇಟೆಯಲ್ಲಿ ಹುಡುಕಿ ಎರಡು ಅಂಗಡಿ ಕಂಡೆವು. ಮೊದಲನೆಯದರಲ್ಲಿ 2,900 ರೂಪಾಯಿಯ ಒಂದು ಪ್ಲೇಯರ್ ಇತ್ತು. ಅದು ನಮ್ಮ ಹಣಕ್ಕೆ ಮೀರಿದ್ದು. 1,450 ರೂಪಾಯಿಯ ಇನ್ನೊಂದು ಹೊಸ ಪ್ಲೇಯರ್ ನಮ್ಮ ಗೀರು ಡಿಸ್ಕನ್ನು ಹತ್ತು ನಿಮಿಷ ತೋರಿಸಿತು. ಕೊನೆಯ ಭಾಗಕ್ಕೆ ಹೋಗಿ ನೋಡಿದಾಗ ಗಕ್ಕನೆ ನಿಂತಿತು.

ಎರಡನೆಯದು ರಿಪೇರಿ ಅಂಗಡಿ. ಅಲ್ಲಿ 600 ರೂಪಾಯಿಗೆ ಒಂದು ಬಳಸಿದ ಪ್ಲೇಯರ್ ಇತ್ತು. ಮೇಲಿನ ಬಣ್ಣ ಹೋಗಿತ್ತು. ಆದರೆ ತಟ್ಟೆ ಇಡುವ ತಟ್ಟು ಸದ್ದಿಲ್ಲದೆ ಹೊರಬಂತು. ಡಿಸ್ಕನ್ನು ಆರಂಭ, ನಡು, ಕೊನೆ ಮೂರೂ ಕಡೆ ಓದಿತು. ಮೂರು ಬಣ್ಣದ ತೂತುಗಳೂ ಯುಎಸ್‌ಬಿಯೂ ಇದ್ದವು. ರಿಮೋಟ್ ಪರೀಕ್ಷಿಸಲು ಅದರ ಮುಂಭಾಗವನ್ನು ಮೊಬೈಲ್ ಕ್ಯಾಮೆರಾಕ್ಕೆ ತೋರಿಸಿ ಗುಂಡಿ ಒತ್ತಿದೆವು. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಪರದೆಯ ಮೇಲೆ ಪಿಳಿಪಿಳಿ ಮಿನುಗಿತು! ಅಂಗಡಿಯವರು ರಸೀದಿಯ ಮೇಲೆ 'ಹದಿನೈದು ದಿನದೊಳಗೆ ಕೆಟ್ಟರೆ ಬದಲಿ' ಎಂದು ಬರೆದು ಸಹಿ ಮಾಡಿದರು.

ಮಕ್ಕಳು ಕೈ ಎತ್ತಿ ತೀರ್ಮಾನಿಸಿದರು. 600 ರೂಪಾಯಿಗೆ ಪ್ಲೇಯರ್, ಉಳಿದ ಹಣದಲ್ಲಿ ಎರಡು ಪೆನ್ ಡ್ರೈವ್. ಹಳೆಯದೇ ಯಾವಾಗಲೂ ಒಳ್ಳೆಯದು ಎಂದು ಇದರ ಅರ್ಥವಲ್ಲ. ಬಳಸಿದ ಪ್ಲೇಯರಿನ ಲೇಸರ್ ಇನ್ನೆಷ್ಟು ದಿನ ಬಾಳುತ್ತದೆಂದು ಯಾರೂ ಹೇಳಲಾರರು. ಆದರೆ ನಮ್ಮ ಕೆಲಸಕ್ಕೆ ಬೇಕಾದ ಪರೀಕ್ಷೆಯಲ್ಲಿ ಅಂದು ಗೆದ್ದದ್ದು ಅದು.

ಹಾಡು ಬಂತು

ಸೋಮವಾರ ಓದುವ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿನ ಕೆಲವು ತಾಯಂದಿರೂ ಬಂದಿದ್ದರು. ಡಿಸ್ಕನ್ನು ನಡುವಿನಿಂದ ಹೊರಕ್ಕೆ ಒರೆಸಿ ಒಳಗಿಟ್ಟೆವು. ಮೂವತ್ತೊಂದನೆಯ ನಿಮಿಷಕ್ಕೆ ವೇದಿಕೆಯ ಮೇಲೆ ಹಸಿರು ಸೀರೆಯ ಅಜ್ಜಿ ಬಂದರು. ಮೈಕಿನ ಮುಂದೆ ಒಮ್ಮೆ ಕೆಮ್ಮಿದರು. ಹಾಡತೊಡಗಿದರು.

ಎರಡನೆಯ ನುಡಿಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯಿತು, ದನಿ ತುಂಡಾಯಿತು. ಯಾರೂ ಉಸಿರಾಡಲಿಲ್ಲ. ಏಳು ಸೆಕೆಂಡುಗಳ ನಂತರ ಎಲ್ಲ ಸರಿಹೋಗಿ ಹಾಡು ಮುಂದುವರಿಯಿತು.

ಆ ಚೌಕಗಳು ಏಕೆ ಬಂದವು? ಡಿವಿಡಿಯ ಚಿತ್ರವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ ಇಟ್ಟಿರುತ್ತಾರೆ. ಸೆಕೆಂಡಿಗೆ 25 ಚಿತ್ರಗಳು ಬೇಕು. ಎಲ್ಲವನ್ನೂ ಪೂರ್ತಿ ಬರೆದರೆ, ಪ್ರತಿ ಚುಕ್ಕೆಗೂ ಎರಡು ಬೈಟ್ ಎಂದುಕೊಂಡರೂ ಇಡೀ ಡಿಸ್ಕ್ ನಾಲ್ಕು ನಿಮಿಷದೊಳಗೆ ತುಂಬಿಹೋಗುತ್ತದೆ! ಅದಕ್ಕಾಗಿ ಅಲ್ಲೊಂದು ಇಲ್ಲೊಂದು ಪೂರ್ತಿ ಚಿತ್ರ ಬರೆದು, ನಡುವಿನವುಗಳಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಬರೆಯುತ್ತಾರೆ. ಬಣ್ಣ ಮಾಸಿ ಕೆಲವು ಮಾಹಿತಿ ಕಳೆದುಹೋದಾಗ ತಾಳೆ ಸಂಖ್ಯೆಗಳಿಗೂ ಸರಿಪಡಿಸಲು ಆಗುವುದಿಲ್ಲ. ಆಗ ಚೌಕಗಳು ಕಾಣುತ್ತವೆ. ಓದಬಲ್ಲ ಮುಂದಿನ ಪೂರ್ತಿ ಚಿತ್ರ ಬಂದೊಡನೆ ಮತ್ತೆ ಸರಿಯಾಗುತ್ತದೆ.

ಅದೇ ದಿನ ಕಂಪ್ಯೂಟರಿನ ಸಹಾಯದಿಂದ ಎರಡೂ ಪೆನ್ ಡ್ರೈವಿಗೆ ನಕಲು ಮಾಡಿದೆವು. ಒಂದು ಶಾಲೆಯ ಬೀರುವಿನಲ್ಲಿದೆ, ಇನ್ನೊಂದು ಆ ಹುಡುಗಿಯ ಮನೆಯಲ್ಲಿ. ಒಂದೇ ಕಡೆ ಇಟ್ಟರೆ ಎರಡೂ ಒಟ್ಟಿಗೆ ಕಳೆದುಹೋಗಬಹುದು. ಆ ಏಳು ಸೆಕೆಂಡು ಮಾತ್ರ ಎಲ್ಲಿಯೂ ಸಿಗಲಿಲ್ಲ. ಆದರೆ ಹಾಡು ಬಲ್ಲ ಒಬ್ಬ ತಾಯಿ ಕಳೆದುಹೋದ ಸಾಲನ್ನು ಹೇಳಿಕೊಟ್ಟರು. ಹುಡುಗಿ ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಳು. ತಾಳೆ ಸಂಖ್ಯೆಗೆ ಆಗದ್ದು ನೆನಪಿಗೆ ಆಯಿತು!

ನಿಮ್ಮ ಮನೆಯಲ್ಲೂ ಮದುವೆಯ, ಜಾತ್ರೆಯ, ಶಾಲೆಯ ಡಿಸ್ಕುಗಳು ಇರಬಹುದು. ಇಂದೇ ಹುಡುಕಿ ನೋಡಿ. ನಾಳೆಗೆ ಬಣ್ಣ ಇನ್ನಷ್ಟು ಮಾಸಿರುತ್ತದೆ.

ನೆನಪಿಡಿ

• ಪ್ಲೇಯರಿನ ಮುಚ್ಚಳ ತೆಗೆಯಬೇಡಿ. ಒಳಗಿನ ಲೇಸರ್ ಕಣ್ಣಿಗೆ ಅಪಾಯ. ಅವಕೆಂಪು ಲೇಸರ್ ಕಾಣಿಸುವುದೂ ಇಲ್ಲ. ವಿದ್ಯುತ್ತಿನ ಅಪಾಯವೂ ಇದೆ.
• ಪ್ಲಗ್ಗಿನ ಮೇಲೆ ಐಎಸ್‌ಐ ಗುರುತು ಇರಲಿ. ಸುಲಿದ ತಂತಿ ಬೇಡ. ಗುಡುಗು ಮಿಂಚು ಬಂದಾಗ ಪ್ಲಗ್ ತೆಗೆಯಲು ಹಿರಿಯರಿಗೆ ಹೇಳಿ.
• ಗಾಳಿಯಾಡುವ ತೂತುಗಳ ಮೇಲೆ ಬಟ್ಟೆ ಹೊದಿಸಬೇಡಿ. ಕೆಲಸ ಮುಗಿದು ತಣ್ಣಗಾದ ಮೇಲೆ ಧೂಳು ಬೀಳದಂತೆ ಮುಚ್ಚಿಡಿ.
• ಮನೆಯಲ್ಲಿ ಪ್ಲೇಯರನ್ನು ಪುಟ್ಟ ತಮ್ಮ ತಂಗಿಯರ ಕೈಗೆಟುಕದ ಕಡೆ ಇಡಿ. ತಟ್ಟಿನೊಳಗೆ ಬಿಸ್ಕತ್ತು ಇಡುವುದು ಅವರಿಗೆ ಬಹಳ ಇಷ್ಟ!
• ಡಿಸ್ಕನ್ನು ಅಂಚು ಹಿಡಿದು ಎತ್ತಿ. ಬಿಸಿಲಿಲ್ಲದ ಕಡೆ ಪೊರೆಯಲ್ಲಿ ನಿಲ್ಲಿಸಿಡಿ.

ಮಾಡಿ ನೋಡಿ

ಒಂದು ಹಾಳಾದ ಸಿಡಿ, ಒಂದು ಹಾಳಾದ ಡಿವಿಡಿ ತನ್ನಿ. ಕಿಟಕಿಯಿಂದ ಬರುವ ಬಿಸಿಲಿಗೆ ಹಿಡಿದು ಬಣ್ಣಗಳನ್ನು ಬಿಳಿ ಗೋಡೆಯ ಮೇಲೆ ಬೀಳಿಸಿ. ಗೋಡೆಯನ್ನು ಮಾತ್ರ ನೋಡಿ. ಸೂರ್ಯನನ್ನಾಗಲಿ, ಡಿಸ್ಕಿನಲ್ಲಿ ಕಾಣುವ ಸೂರ್ಯನ ಬಿಂಬವನ್ನಾಗಲಿ ನೋಡಲೇಬಾರದು. ಯಾವುದರ ಬಣ್ಣಗಳು ಹೆಚ್ಚು ಅಗಲವಾಗಿ ಹರಡುತ್ತವೆ? ಗೆರೆಗಳ ನಡುವಿನ ದೂರಕ್ಕೂ ಇದಕ್ಕೂ ಏನು ಸಂಬಂಧ ಇರಬಹುದು? ಗೆಳೆಯರೊಡನೆ ಚರ್ಚಿಸಿ.

ಉತ್ತರಿಸಿ

1. ಡಿವಿಡಿಯಲ್ಲಿ ಬರಹದ ಭಾಗದ ಹೊರ ತ್ರಿಜ್ಯ 58 ಮಿ.ಮೀ., ಒಳ ತ್ರಿಜ್ಯ 24 ಮಿ.ಮೀ., ಗೆರೆಯ ಅಗಲ 0.00074 ಮಿ.ಮೀ. ಗೆರೆಯ ಉದ್ದ ಎಷ್ಟು ಕಿಲೋಮೀಟರ್?
2. 6, 9, ?, 3 ಇವುಗಳ ಮೊತ್ತ 23. ಅಳಿಸಿಹೋದ ಸಂಖ್ಯೆ ಯಾವುದು? ಎರಡು ಸಂಖ್ಯೆಗಳು ಅಳಿಸಿದ್ದರೆ ಮೊತ್ತ ಒಂದೇ ಸಾಕಾಗುತ್ತಿತ್ತೆ?
3. ಬಳಸಿದ ಸೈಕಲ್ ಕೊಳ್ಳಲು ಹೋಗುತ್ತೀರಿ ಎನ್ನಿ. 'ಕೆಟ್ಟ ಡಿಸ್ಕಿನ ಪರೀಕ್ಷೆ'ಯಂತೆ ಅದಕ್ಕೆ ಯಾವ ಕಠಿಣ ಪರೀಕ್ಷೆ ಕೊಡುವಿರಿ?

(ಉತ್ತರ: 1. ಸುಮಾರು 11.8 ಕಿ.ಮೀ. 2. ಸಂಖ್ಯೆ 5, ಎರಡು ಅಳಿಸಿದರೆ ಸಾಲದು, ಇನ್ನೊಂದು ತಾಳೆ ಸಂಖ್ಯೆ ಬೇಕು. 3. ನೀವೇ ಯೋಚಿಸಿ ನಮಗೆ ಬರೆಯಿರಿ.)